ಕಲಬುರಗಿಯ ಮಸಾಲಿ ಖಾರ, ಕಮಲಾಪುರದ ಸೀಕರಣಿ

ಯುಗಾದಿ ದಾಟಿ ಬಿಸಿಲು 40 ಡಿಗ್ರಿ ಮೀರಿತೆಂದರೆ ಕಲಬುರಗಿಯಲ್ಲಿ ವರ್ಷದ ಖಾರದ ಕೆಲಸ ಶುರು. ಮಾಳಿಗೆ ಮೇಲೆ ಹಳೆ ಸೀರೆ ಹಾಸಿ ಮೆಣಸಿನಕಾಯಿ ಒಣಹಾಕುತ್ತಾರೆ. ತೊಟ್ಟು ಮುರಿದಾದ ಮೇಲೆ ಮಸಾಲೆ ಸಾಮಾನಿಗೆಂದು ಸೂಪರ್ ಮಾರ್ಕೆಟ್ ಪೇಟೆಗೆ ಬರುತ್ತಾರೆ.

ಕಿರಾಣಿ ಅಂಗಡಿಯ ಮುಂದೆ ಬಾಯಿ ಮಡಚಿಟ್ಟ ಚೀಲಗಳು: ಧನಿಯಾ, ಜೀರಿಗೆ, ಶಾಜೀರಾ, ಚಕ್ಕೆ, ಲವಂಗ, ಯಾಲಕ್ಕಿ, ಮರಾಠಿ ಮೊಗ್ಗು. ಮೂಲೆಯಲ್ಲಿ ಬೂದು ಬಣ್ಣದ ಕಲ್ಲುಹೂವು. ಬಂಡೆ, ಮರದ ತೊಗಟೆಗಳಿಗೆ ಅಂಟಿಕೊಂಡು ಬೆಳೆಯುವ ಇದನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಕಾದ ಎಣ್ಣೆಗೆ ಬೀಳಬೇಕು. ಚಿಟಚಿಟ ಎನ್ನುತ್ತ ಅಂಚು ಕಪ್ಪಾಗಿ ಮುದುಡಿದಾಗ ಹೊಗೆ ಬೆರೆತ ಗಾಢ ಘಮ ಏಳುತ್ತದೆ. ಈ ಸೀಮೆಯ ಎಣಗಾಯಿಗೆ ಆ ಆಳ ಬರುವುದು ಇದರಿಂದಲೇ ಎಂಬುದು ನನ್ನ ನಂಬಿಕೆ.

ತಕ್ಕಡಿ ಮುಂದೆ ಇಬ್ಬರು ತಾಯಂದಿರು. ಒಬ್ಬರದು ಮಸಾಲಿ ಖಾರದ ಚೀಟಿ. ದರ್ಗಾ ಕಡೆಯಿಂದ ಬಂದ ಇನ್ನೊಬ್ಬರದು ಬಗಾರಾ ಅನ್ನದ ಚೀಟಿ. ಸಾಮಾನು ಹೆಚ್ಚುಕಡಿಮೆ ಅದೇ. ಒಂದು ಮನೆಯಲ್ಲಿ ಅದು ಪುಡಿಯಾಗಿ ವರ್ಷವಿಡೀ ಡಬ್ಬಿಯಲ್ಲಿರುತ್ತದೆ. ಇನ್ನೊಂದರಲ್ಲಿ ಇಡಿಯಾಗಿಯೇ ಎಣ್ಣೆಗೆ ಬಿದ್ದು, ಅನ್ನದ ಜೊತೆ ಬೆಂದು, ದಾಲ್ಚಾ ಪಕ್ಕ ಕೂರುತ್ತದೆ. ಲವಂಗ, ಜಾಯಿಕಾಯಿ ಹುಟ್ಟಿದ್ದು ದೂರದ ಮೊಲುಕ್ಕಾ ದ್ವೀಪಗಳಲ್ಲಿ. 1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾದ ಕಾಲಕ್ಕೂ ಅವು ಸಮುದ್ರ ದಾಟಿಯೇ ಬರಬೇಕಿತ್ತು. ಈಗ ಚೀಟಿ ಹಿಡಿದವರಿಗೆ ಅವು ಮನೆಯ ಸಾಮಾನೇ.

ಖಾರ ಕುಟ್ಟುವ ಗಿರಣಿಯಲ್ಲಿ ಡಬ್ಬಿಗಳ ಸಾಲು. ಯಾರೂ ಡಬ್ಬಿ ಬಿಟ್ಟು ಕದಲುವುದಿಲ್ಲ. ತಮ್ಮ ಖಾರಕ್ಕೆ ಇನ್ನೊಬ್ಬರದು ಬೆರೆಯಬಾರದು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದ ಹಿರಿಯರೊಬ್ಬರನ್ನು ಹುರಿಯುವ ಬಗೆ ಕೇಳಿದೆ. ‘ಎಲ್ಲಾ ಕೂಡ್ಸಿ ಹುರಿಬಾರದ್ರಿ ಅಣ್ಣಾರ. ಧನಿಯಾ ಹೊತ್ತತದ, ಚಕ್ಕಿ ಹಸೀನೇ ಉಳಿತದ. ಬ್ಯಾರೆ ಬ್ಯಾರೆ ಹುರದು, ಆರಿದ ಮ್ಯಾಲೆ ತರಬೇಕು’ ಎಂದರು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರು ಕಟ್ಟಿ ಖಾರ ಕೆಡುತ್ತದೆ. ಪೊಟ್ಟಣದ ಮಸಾಲೆ ಎಷ್ಟೇ ಒಳ್ಳೆಯದಿರಲಿ, ಹೀಗೆ ಒಂದೊಂದನ್ನೂ ಕಾದು ಹುರಿದ ಕೈಯ ರುಚಿ ಅದಕ್ಕೆ ಬರದು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ಮಧ್ಯಾಹ್ನ ಉಣ್ಣಲು ಕರೆದ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ–ಎಳ್ಳು–ಒಣಕೊಬ್ಬರಿಗೆ ಮಸಾಲಿ ಖಾರ ಬೆರೆಸಿ ತುಂಬಿದ ಬದನೆಕಾಯಿ ಎಣಗಾಯಿ, ಅದರ ಮೇಲೆ ತೇಲುವ ಕೆಂಪೆಣ್ಣೆ. ರೊಟ್ಟಿ ಮುರಿದು ಮೊದಲು ಆ ಎಣ್ಣೆಯಲ್ಲಿ ಅದ್ದಬೇಕು. ಲವಂಗ, ಕಲ್ಲುಹೂವಿನ ಘಮವೆಲ್ಲ ಇಳಿದಿರುವುದು ಅಲ್ಲೇ.

ಖಾರ ಉಂಡ ಬಾಯಿಗೆ ಕೆಂಪು ಬಾಳೆಯ ಸೀಕರಣಿ. ಸಿಪ್ಪೆ ಕೆಂಪಾದರೂ ಒಳಗಿನ ತಿರುಳು ಕೆನೆ ಬಣ್ಣದ್ದು. ಮನೆಯ ಅವ್ವ ಹಣ್ಣನ್ನು ಕೈಯಿಂದಲೇ ಕಿವುಚಿ, ಕಾಸಿ ಆರಿಸಿದ ಹಾಲು ಹಾಕಿ, ಯಾಲಕ್ಕಿ ಕುಟ್ಟಿ ಹಾಕಿದರು. ಜಾಯಿಕಾಯಿಯನ್ನು ಸಾಣೆಕಲ್ಲಿನ ಮೇಲೆ ಹಾಲಿನಲ್ಲಿ ಎರಡೇ ಸುತ್ತು ತೇಯ್ದರು, ಹೆಚ್ಚಾದರೆ ಒಗರು. ಹಣ್ಣು ಚೆನ್ನಾಗಿ ಮಾಗಿದ್ದರಿಂದ ಸಕ್ಕರೆಯ ಡಬ್ಬಿ ತೆಗೆಯಲೇ ಇಲ್ಲ. ಇಟ್ಟರೆ ಕಪ್ಪಾಗುತ್ತದೆಂದು, ಎಲ್ಲರೂ ಉಣ್ಣಲು ಕೂತ ಮೇಲೆಯೇ ಅವರು ಹಣ್ಣು ಸುಲಿದದ್ದು.