ತಿಂಗಳಿಗೊಂದು ಚೌಕ

ನಮ್ಮ ಗದಗ, ಮುಂಡರಗಿ ಕಡೆ ಕೌದಿ ಕಾಣದ ಮನೆ ವಿರಳ. ಹಳೆಯ ಸೀರೆ, ಧೋತರಗಳನ್ನು ಪದರಾಗಿ ಹಾಸಿ, ಮೇಲೆ ತೇಪೆಗಳನ್ನಿರಿಸಿ ಸಾಲು ಸಾಲಾಗಿ ದಾರ ಓಡಿಸುವರು. ಹಳಿಯಾಳ, ಯಲ್ಲಾಪುರದತ್ತಣ ಸಿದ್ದಿ ಹೆಂಗಸರಂತೂ ಅಂಚಿನಿಂದ ನಡುವಿನವರೆಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುತ್ತಾರೆ. ಅಳತೆಪಟ್ಟಿಗೆ ಅಲ್ಲಿ ಕೆಲಸವಿಲ್ಲ. ಅರಿವೆ ಎಷ್ಟೋ ತೇಪೆ ಅಷ್ಟು.

ಅಮೇರಿಕದ ಒಂದು ಪದ್ಧತಿ ಬೇರೆ. ಅಲ್ಲಿ ಚೌಕಗಳನ್ನು ಬಿಡಿಬಿಡಿಯಾಗಿ ಹೊಲಿದು ಆಮೇಲೆ ಕೂಡಿಸುವರು. 'ಕಾನ್ಸಾಸ್ ಸಿಟಿ ಸ್ಟಾರ್' ಎಂಬ ಪತ್ರಿಕೆ 1928ರಿಂದ 1961ರವರೆಗೆ ಇಂಥ ಚೌಕಗಳ ನಕ್ಷೆಗಳನ್ನು ಅಚ್ಚುಹಾಕುತ್ತಿತ್ತು. ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಚೌಕ ಮುಗಿಸುವ ಕೂಟಗಳಿಗೆ 'ಬ್ಲಾಕ್ ಆಫ್ ದಿ ಮಂತ್' ಎಂದು ಹೆಸರು. ಗೆಳತಿಯರು ನಾವು ಐವರು ಈ ವರ್ಷ ಅಂಥದೊಂದನ್ನು ಹೂಡಿದೆವು.

ಲೆಕ್ಕ ಹೀಗೆ: 18 ಅಂಗುಲದ ಚೌಕಗಳನ್ನು ಮೂರರಂತೆ ನಾಲ್ಕು ಸಾಲು ಕೂಡಿಸಿದರೆ 54 ಅಂಗುಲ ಅಗಲ, 72 ಅಂಗುಲ ಉದ್ದ, ಒಬ್ಬರಿಗೆ ಸಾಕಾದ ಹೊದಿಕೆ. ಆದರೆ ಹೊಲಿಗೆಗೆಂದು ನಾಲ್ಕೂ ಕಡೆ ಕಾಲು ಅಂಗುಲ ಬಿಡಬೇಕು. ಅಂದರೆ ಕತ್ತರಿಸುವುದು 18½ಕ್ಕೆ. ಹೊಸ ಅರಿವೆಯಾದರೆ ಮೊದಲು ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ಸುಕ್ಕುಗಟ್ಟೀತು.

ನಾನು ಮೂರನೆಯ ಚೌಕವನ್ನು 18ಕ್ಕೇ ಕತ್ತರಿಸಿಬಿಟ್ಟೆ. ಅದು ತೀರಿಹೋದ ಅಜ್ಜಿಯ ಇಳಕಲ್ ಸೀರೆಯದು; ಉಳಿದದ್ದೇ ಅಷ್ಟು. ಪಕ್ಕದ ಚೌಕದೊಡನೆ ಮೂಲೆಗೆ ಮೂಲೆ ಕೂಡಲೊಲ್ಲದು. ಎರಡು ದಿನ ಅದನ್ನು ಮಡಿಚಿ ಪುಸ್ತಕದೊಳಗಿಟ್ಟೆ. ಅವ್ವ ಕಂಡು, "ಕೌದಿಗೆ ಇದೂ ಒಂದು ಚಿಂತೆಯೇ?" ಎಂದು ನಕ್ಕು, ತನ್ನ ಬೆಟಗೇರಿ ಸೀರೆಯ ಅಂಚನ್ನು ಸಣ್ಣ ಪಟ್ಟಿಯಾಗಿ ಸೀಳಿ ಸುತ್ತಲೂ ಕೂಡಿಸಿದಳು. ಈಗ ಅಳತೆ ಸರಿಯಾಗಿದೆ. ಇನ್ನೆರಡು ತಿಂಗಳ ಚೌಕಗಳು ಬಾಕಿ.