ಮೆಸ್ಕಾಲಿನ ರುಚಿ-ತಾರತಮ್ಯ

ನಮ್ಮ ಹೊಲಗಳ ಬೇಲಿಯಲ್ಲಿಯೂ ರೈಲುಹಾದಿಯ ಮಗ್ಗುಲಲ್ಲಿಯೂ ಯಾರ ಆರೈಕೆಯನ್ನೂ ಬೇಡದೆ ಬೆಳೆದು ನಿಂತು, ನಾರಿಗಲ್ಲದೆ ಮತ್ತಾವುದಕ್ಕೂ ಒದಗದ ಮುಳ್ಳುಗಿಡವೆಂದು ನಮ್ಮ ಉದಾಸೀನಕ್ಕೆ ಪಾತ್ರವಾಗಿರುವ ಕತ್ತಾಳೆಯ ತವರು ಮೆಕ್ಸಿಕೋ ದೇಶ. ಅದರ ಬಂಧುಬಳಗದ ಹತ್ತಾರು ಜಾತಿಗಳಿಂದ ಅಲ್ಲಿನವರು ಬಟ್ಟಿಯಿಳಿಸುವ ಮದ್ಯವೇ ಮೆಸ್ಕಾಲ್. ಲೋಕಪ್ರಸಿದ್ಧವಾದ ತೆಕೀಲಾ ಇದೇ ವಂಶದ್ದು. ಆದರೆ ಅದಕ್ಕೆ ನೀಲಿ ಕತ್ತಾಳೆಯೊಂದೇ ಸಲ್ಲತಕ್ಕದ್ದು, ಮೆಸ್ಕಾಲಿಗೆ ಅಂಥ ನಿರ್ಬಂಧವಿಲ್ಲ. ಗಿಡ ಬೇರೆಯಾದಂತೆ ರುಚಿಯೂ ಬೇರೆ.

ಹೊಸಬರು ಮೊದಲ ಗುಟುಕಿಗೇ ‘ಹೊಗೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಎಲೆ ಸವರಿದ ತಿರುಳುಗಡ್ಡೆಗಳನ್ನು ಕಾದ ಕಲ್ಲು ಹಾಸಿದ ನೆಲಗುಣಿಯಲ್ಲಿಟ್ಟು ಮಣ್ಣು ಮುಚ್ಚಿ, ಮೂರರಿಂದ ಐದು ದಿನ ಬೇಯಿಸಿ, ಕುದುರೆಯೋ ಹೇಸರಗತ್ತೆಯೋ ಎಳೆಯುವ ಕಲ್ಲಿನ ಗಾಲಿಯಡಿ ಅರೆದು, ಮರದ ತೊಟ್ಟಿಯಲ್ಲಿ ತಾನಾಗಿಯೇ ಹುಳಿಯಗೊಟ್ಟು, ಎರಡು ಬಾರಿ ಬಟ್ಟಿಯಿಳಿಸುವ ಸಾಂಪ್ರದಾಯಿಕ ಕ್ರಮದಲ್ಲಿ ಹೊಗೆ ಸೇರುವುದು ಸಹಜವೇ. ಆದರೆ ಅದರ ಪ್ರಮಾಣದಿಂದ ಮದ್ಯದ ಯೋಗ್ಯತೆಯನ್ನು ಅಳೆಯುವುದು ಒಗ್ಗರಣೆಯ ಘಾಟಿನಿಂದ ಸಾರಿನ ಗುಣವನ್ನು ನಿರ್ಣಯಿಸಿದಂತೆ.

ಮದ್ಯಸಾರ ಶೇಕಡ 35ರಿಂದ 55ರವರೆಗೂ ಇರುವ ಈ ಪಾನೀಯವನ್ನು ಗಟಗಟನೆ ಕುಡಿಯುವವನಿಗೆ ಉರಿಯಲ್ಲದೆ ಬೇರೇನೂ ದಕ್ಕದು. ಬಾಯಗಲವಾದ ಕಿರುಬಟ್ಟಲಿಗೆ ಕೊಂಚವೇ ಸುರಿದು, ಒಂದು ತೊಟ್ಟನ್ನು ಅಂಗೈಗಳ ನಡುವೆ ಉಜ್ಜಿದರೆ ಮದ್ಯಸಾರ ಹಾರಿಹೋಗಿ, ಬೆಂದ ಕತ್ತಾಳೆಯ ಸಿಹಿಗಂಧ ಕೈಯಲ್ಲುಳಿಯುತ್ತದೆ. ಮೊದಲ ಗುಟುಕು ನಾಲಗೆಯನ್ನು ಎಚ್ಚರಿಸುವುದಕ್ಕೆ, ಪರೀಕ್ಷೆ ಎರಡನೆಯದರಿಂದ. ಬಟ್ಟಿಯ ಮನೆಯ ಒಡೆಯನ ಪರೀಕ್ಷೆಯಾದರೋ ಕಣ್ಣಿನದು: ಬಿದಿರಿನಂಥ ಕೊಳವೆಯಿಂದ ಹೀರಿ, ಕಾಯಿಚಿಪ್ಪಿನ ಬಟ್ಟಲಿಗೆ ಬಿಟ್ಟಾಗ ಏಳುವ ಮುತ್ತಿನಂಥ ಗುಳ್ಳೆಗಳು ಎಷ್ಟು ಹೊತ್ತು ನಿಲ್ಲುವುವೆಂಬುದರಿಂದಲೇ ಆತ ಸತ್ತ್ವವನ್ನು ನಿಶ್ಚಯಿಸುತ್ತಾನೆ. ಸತ್ತ್ವ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಗುಳ್ಳೆಗಳು ಬೇಗ ಒಡೆಯುವುವು.

ತುಲನೆಗೆ ಕುಳಿತವರು ಕೈಗೆ ಸಿಕ್ಕ ಹತ್ತು ಸೀಸೆಗಳನ್ನು ಸಾಲಾಗಿ ಇಡುವುದುಂಟು, ಅದು ವ್ಯರ್ಥ. ಒಂದನ್ನು ಸ್ಥಿರವಾಗಿರಿಸಿ ಮತ್ತೊಂದನ್ನು ಬದಲಿಸಬೇಕು. ವಹಾಕಾ ಪ್ರಾಂತದಲ್ಲಿ ಹೇರಳವಾಗಿ ಬೆಳೆಸುವ, ಸುಮಾರು ಆರೆಂಟು ವರ್ಷಗಳಲ್ಲಿ ಬಲಿಯುವ ಎಸ್ಪದೀನ್ ಗಿಡದ್ದನ್ನೇ ಎರಡು ಬಗೆ ತರಿಸಿ: ಸಾಂತಿಯಾಗೋ ಮತತ್ಲಾನಿನ ತಾಮ್ರದ ಹಂಡೆಯದು ಒಂದು, ಸಾಂತಾ ಕತರೀನಾ ಮಿನಾಸಿನ ಮಣ್ಣಿನ ಮಡಕೆಯದು ಮತ್ತೊಂದು. ತಾಮ್ರದ್ದು ಸ್ವಚ್ಛವೂ ಚುರುಕೂ ಆಗಿ ತೋರಿದರೆ, ಮಡಕೆಯದು ಮೃದುವಾಗಿ, ಮಣ್ಣಿನ ವಾಸನೆಯನ್ನು ಹೊತ್ತು ಬರುತ್ತದೆ. ಅನಂತರ ಗಿಡವನ್ನು ಬದಲಿಸಬಹುದು. ಬಂಡೆಗಳ ಇಳಿಜಾರಿನಲ್ಲಿ ಬೆಳೆಯುವ ಪುಟ್ಟ ತೋಬಲಾ ಹಣ್ಣುಹೂವಿನ ಪರಿಮಳದ್ದು. ಬಲಿಯಲು ಇಪ್ಪತ್ತೈದು ವರ್ಷದಷ್ಟು ಕಾಲ ಹಿಡಿಯುವ ತೆಪೆಸ್ತಾತೆಯದು ಹಸಿರುಸೊಪ್ಪಿನ ತೀಕ್ಷ್ಣ ಗಂಧ. ಬಟ್ಟಿಯೊಳಗೆ ಹಸಿ ಕೋಳಿಯ ಎದೆಮಾಂಸವನ್ನೂ ಹಣ್ಣುಹಂಪಲನ್ನೂ ಕೂಡಿಸಿ ಇಳಿಸುವ ಪೆಚೂಗಾ ಎಂಬುದೊಂದಿದೆ. ಸಸ್ಯಾಹಾರಿಗಳು ವಿಚಾರಿಸಿಯೇ ಬಟ್ಟಲೆತ್ತುವುದು ಕ್ಷೇಮ.

2017ರಲ್ಲಿ ಪ್ರಕಟವಾದ ಮೆಕ್ಸಿಕೋದ ನಿಯಮದಂತೆ ಮೆಸ್ಕಾಲಿನಲ್ಲಿ ಸಾಮಾನ್ಯ, ಕುಶಲಕರ್ಮದ, ಪೂರ್ವಿಕ ಪದ್ಧತಿಯ ಎಂಬ ಮೂರು ವರ್ಗಗಳಿವೆ. ಪೂರ್ವಿಕ ವರ್ಗಕ್ಕೆ ಮಣ್ಣಿನ ಮಡಕೆಯೇ ವಿಧಿ. ಕಾಡಿನ ತೆಪೆಸ್ತಾತೆಯನ್ನು ಒಮ್ಮೆ ಕಡಿದರೆ ಅದರ ಸ್ಥಾನ ತುಂಬಲು ಒಂದು ತಲೆಮಾರೇ ಬೇಕಾದ್ದರಿಂದ, ನೆಟ್ಟು ಬೆಳೆಸಿದ್ದೋ ಅಲ್ಲವೋ ಎಂದು ಕೇಳಿ ಕೊಳ್ಳುವುದು ಲೇಸು. ಒಂದೇ ಸೀಸೆ ಕೊಳ್ಳುವವರಿಗಂತೂ ಮಿನಾಸಿನ ಮಡಕೆಯ ಎಸ್ಪದೀನಿಗೇ ನನ್ನ ಮೊದಲ ಮಣೆ.