ಮಾಣಿಕನಗರದ ಬಯಲಲ್ಲಿ ಏಳು ಸೀಟಿನ ಜಗತ್ತು

ದತ್ತ ಜಯಂತಿಗೆ ಹುಮನಾಬಾದ್ ಪಕ್ಕದ ಮಾಣಿಕನಗರಕ್ಕೆ ಹೋಗುವವರಿಗೆ ಒಂದು ಮಾತು. ಮಾಣಿಕಪ್ರಭುಗಳ ಸಮಾಧಿಯ ದರ್ಶನ ಹೇಗೂ ಆಗುತ್ತದೆ. ಅದಕ್ಕೆ ಮುಂಚೆ ಗಾಡಿ ನಿಲ್ಲಿಸುವ ಬಯಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನಂಬರ್ ಪ್ಲೇಟ್ ಓದಿ. ಕೆಎ 38 ಬೀದರ್, ಕೆಎ 56 ಬಸವಕಲ್ಯಾಣ, ಕೆಎ 32 ಕಲಬುರಗಿ. ಅದರ ಪಕ್ಕಕ್ಕೇ ಎಂಎಚ್ 13 ಸೊಲ್ಲಾಪುರ, ಎಂಎಚ್ 24 ಲಾತೂರು, ಎಂಎಚ್ 12 ಪುಣೆ. ಬೆನ್ನಿಗೆ ತೆಲಂಗಾಣದ ಟಿಎಸ್, ಟಿಜಿ. ಮೂರು ರಾಜ್ಯಗಳು ಒಂದೇ ಬಯಲಲ್ಲಿ! ಈಗ ಪ್ಲೇಟಿನಿಂದ ಕಣ್ಣು ಮೇಲಕ್ಕೆತ್ತಿ. ಎರ್ಟಿಗಾ, ಇನ್ನೋವಾ, ಇನ್ನೊಂದು ಎರ್ಟಿಗಾ, ಟ್ರೈಬರ್, ಕ್ಯಾರೆನ್ಸ್, ಹಳೇ ಟವೇರಾ, ಮತ್ತೆ ಎರ್ಟಿಗಾ. ದೇವರ ಕಡೆಗೆ ಯಾರೂ ಒಬ್ಬರೇ ಬರುವುದಿಲ್ಲವಲ್ಲ. ಅಜ್ಜಿ ಬರುತ್ತಾಳೆ, ಇಬ್ಬರು ಸೊಸೆಯಂದಿರು ಬರುತ್ತಾರೆ, ಕೂಸು ಬರುತ್ತದೆ, ನೈವೇದ್ಯದ ಡಬ್ಬಿ ಬರುತ್ತದೆ. ಐದು ಸೀಟಿನ ಕಾರು ಇಲ್ಲಿ ಏನು ಮಾಡೀತು?

ಜಾಗವೂ ಅಂಥದ್ದೇ. ಪುಣೆಯಿಂದ ಸೊಲ್ಲಾಪುರ ದಾಟಿ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಮತ್ತು ಬೀದರಿನಿಂದ ಕಲಬುರಗಿಯ ಕಡೆ ಇಳಿಯುವ 50 ಹುಮನಾಬಾದಿನಲ್ಲಿ ಸೇರುತ್ತವೆ. ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ 1817ರಲ್ಲಿ, ಅದೂ ದತ್ತ ಜಯಂತಿಯ ದಿನವೇ ಹುಟ್ಟಿದ ಮಾಣಿಕಪ್ರಭುಗಳು 1845ರಲ್ಲಿ ಬಂದು ನೆಲೆಸಿದ್ದು ಈ ಕೂಡುದಾರಿಯ ಮಗ್ಗುಲಲ್ಲಿ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಎಲ್ಲವನ್ನೂ ಕೇಳಿಸಿಕೊಂಡು ಬೆಳೆದ ಊರಿದು. ಗಾಡಿಗಳ ವಿಷಯದಲ್ಲೂ ಯಾವೊಂದು ಊರಿನ ಚಾಳಿಗೂ ಇದು ಕಟ್ಟುಬಿದ್ದಿಲ್ಲ. ಪುಣೆಯವರ ಆಯ್ಕೆ, ಹೈದರಾಬಾದಿನವರ ಆಯ್ಕೆ, ನಮ್ಮ ಹಳ್ಳಿಯವರ ಆಯ್ಕೆ ಪಕ್ಕಪಕ್ಕ ನಿಂತು ತಮ್ಮನ್ನು ತಾವೇ ತೂಗಿಕೊಳ್ಳುತ್ತವೆ.

ಮೊದಲ ಬೆರಗು ಇಲ್ಲೇ ಕಾದಿರುತ್ತದೆ. ಒಂದು ಎರ್ಟಿಗಾದ ಪಕ್ಕ ಒಂದು ಟೊಯೋಟಾ ರೂಮಿಯಾನ್ ನಿಂತಿದೆ ಅನ್ನಿ. ಬಾಗಿಲು ಅದೇ, ಗಾಜು ಅದೇ, ಸೀಟಿನ ಮಡಿಕೆ ಅದೇ. ಬೇರೆ ಇರುವುದು ಮೂಗಿನ ಮೇಲಿನ ಜಾಲರಿ ಮತ್ತು ಲಾಂಛನ. ಇತ್ತ ಇನ್ನೋವಾ ಹೈಕ್ರಾಸ್ ಪಕ್ಕ ಮಾರುತಿ ಇನ್ವಿಕ್ಟೋ ನಿಂತರೆ ಅದೇ ಆಟ, ತಿರುಗುಮುರುಗಾಗಿ! 2023ರ ಜುಲೈಯಲ್ಲಿ ಟೊಯೋಟಾದ ಗಾಡಿ ಮಾರುತಿಯ ಹೆಸರು ಹೊತ್ತು ಬಂತು. ಮರು ತಿಂಗಳೇ ಮಾರುತಿಯ ಗಾಡಿ ಟೊಯೋಟಾದ ಹೆಸರು ಹೊತ್ತಿತು. ಎರಡು ಕಂಪನಿಗಳ ಅಭಿಮಾನಿಗಳು ಚಹಾದಂಗಡಿಯಲ್ಲಿ ಕೈ ಕೈ ಮಿಲಾಯಿಸುವಷ್ಟು ವಾದ ಮಾಡುತ್ತಿರುವಾಗ ಕಂಪನಿಗಳು ಮಾತ್ರ ಒಂದೇ ಕಾರ್ಖಾನೆಯ ಮಾಲು ಹಂಚಿಕೊಂಡು ಮಾರುತ್ತಿವೆ. ಎಲ್ಲ ಮತಗಳ ಗುರಿಯೂ ಒಂದೇ ಎಂದ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯದ ಪೀಠದ ಮುಂದೆ ಈ ಸತ್ಯ ಗೋಚರಿಸಿತಲ್ಲ ಎಂದು ನನಗೆ ನಗು ತಡೆಯಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮೈ ಜುಮ್ಮೆನ್ನುವ ಸಂಗತಿಗಳಿವೆ. ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ತಯಾರಿಕೆಗೆ ಕೈಹಾಕಿದ್ದು 1983ರ ಕೊನೆಗೆ. ಮಿನಿ ವ್ಯಾನ್ ಎಂಬ ಹೊಸ ಜಾತಿಯೇ ಅಲ್ಲಿ ಹುಟ್ಟಿತು ಎನ್ನುತ್ತಾರೆ. ಫ್ರಾನ್ಸಿನಲ್ಲಿ ರೆನೊ ಎಸ್ಪಾಸ್ ಬಂದದ್ದು 1984ರಲ್ಲಿ. ನಮ್ಮಲ್ಲಿ ಮಾರುತಿ ವ್ಯಾನ್ ರಸ್ತೆಗಿಳಿದದ್ದು ಯಾವಾಗ ಗೊತ್ತೇ? ಅದೇ 1984! ಮೂರು ಖಂಡಗಳಲ್ಲಿ, ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಜನ ‘ಮನೆಮಂದಿಯೆಲ್ಲ ಒಂದೇ ಡಬ್ಬಿಯಲ್ಲಿ’ ಎಂದರು. ನಮ್ಮದು ಬಡವರ ಆವೃತ್ತಿ. 796 ಸಿಸಿ ಎಂಜಿನ್, ಅದೂ ಮುಂದಿನ ಸೀಟಿನ ಅಡಿಗೇ; ಏಪ್ರಿಲ್ ಬಿಸಿಲಲ್ಲಿ ಬೀದರ್ ದಾರಿ ಹಿಡಿದರೆ ಡ್ರೈವರ್ ಕೂತ ಜಾಗ ಕಾದ ಹೆಂಚು. 1988ರಲ್ಲಿ ಆಮ್ನಿ ಎಂಬ ಹೆಸರು ಬಂದರೂ ನಮ್ಮ ಕಡೆ ಕೊನೆವರೆಗೂ ಅದು ‘ಮಾರುತಿ ವ್ಯಾನ್’. ಶಾಲೆ ಮಕ್ಕಳು, ಆಂಬುಲೆನ್ಸ್, ಸಿನಿಮಾದ ಅಪಹರಣಕಾರರು ಎಲ್ಲರನ್ನೂ ಹೊತ್ತು 2019ರಲ್ಲಿ ನಿಂತುಹೋಯಿತು. 2010ರಲ್ಲಿ ಬಂದ ಈಕೋ ಅದರ ಕೆಲಸ ಮುಂದುವರಿಸಿದೆ.

ಆಮ್ನಿಯ ಜತೆ ಹೋದ ಇನ್ನೊಂದು ಸಂಗತಿ ಜಾರುಬಾಗಿಲು. ಈಕೋದಲ್ಲಿ ಉಳಿದಿದೆ, ಶ್ರೀಮಂತರ ದುಬಾರಿ ಗಾಡಿಗಳಲ್ಲಿ ಇದೆ, ನಡುವೆ ಎಲ್ಲೂ ಇಲ್ಲ! ಸೀರೆ ಉಟ್ಟ, ಮಂಡಿ ನೋವಿನ ಅಜ್ಜಿಗೆ ಇಕ್ಕಟ್ಟಾದ ಜಾತ್ರೆ ಬಯಲಲ್ಲಿ ಜಾರುಬಾಗಿಲಿಗಿಂತ ದೊಡ್ಡ ವರ ಇಲ್ಲ. ನಿಸ್ಸಾನ್ 2012ರಲ್ಲಿ ಇವಾಲಿಯಾ ತಂದು ಅದನ್ನೇ ಕೊಟ್ಟಿತು. ‘ಡಬ್ಬಿ ಹಂಗ ಕಾಣ್ತದ’ ಎಂದು ಜನ ಮುಖ ತಿರುಗಿಸಿದರು. ಡಬ್ಬಿಯಂತೆ ಇರುವುದೇ ಅದರ ಗುಣ ಎಂದು ಯಾರಿಗೂ ಹೊಳೆಯಲಿಲ್ಲ. ಇದು ನಮ್ಮ ಖರೀದಿದಾರರ ತಪ್ಪು ಅಂತಲೇ ನನ್ನ ವಾದ.

ಇನ್ನೋವಾದ ವಂಶವೃಕ್ಷವಂತೂ ಕಾದಂಬರಿ. 1977ರಲ್ಲಿ ಇಂಡೋನೇಷ್ಯಾದ ಜನರಿಗೆಂದು ಟೊಯೋಟಾ ಕಿಜಾಂಗ್ ಎಂಬ ಅಗ್ಗದ, ಒರಟು ಗಾಡಿ ಮಾಡಿತು. ಅದರ ಮೊಮ್ಮಗನಂಥ ಒಂದು ಮಾದರಿ 2000ದಲ್ಲಿ ನಮ್ಮ ರಾಮನಗರದ ಬಿಡದಿಯಲ್ಲಿ ಕ್ವಾಲಿಸ್ ಆಗಿ ಹೊರಬಿತ್ತು. ಹಳೇ ಡಿಸೈನು ಎಂದು ನಕ್ಕವರೆಷ್ಟೋ. ಆದರೆ ಬೆಂಗಳೂರಿನ ರಾತ್ರಿ ಪಾಳಿಯ ಕಂಪನಿಗಳೆಲ್ಲ ಅದನ್ನೇ ಹಿಡಿದವು, ಟ್ಯಾಕ್ಸಿಯವರು ಕೈಬಿಡಲಿಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ, ಕಂಪನಿ ಅದನ್ನು ನಿಲ್ಲಿಸಿತು! ಅದರ ಜಾಗಕ್ಕೆ ಇನ್ನೋವಾ, 2016ರಲ್ಲಿ ಕ್ರಿಸ್ಟಾ, 2022ರ ಕೊನೆಗೆ ಹೈಕ್ರಾಸ್. ಎಲ್ಲವೂ ಬಿಡದಿಯ ಮಕ್ಕಳೇ. ಪುಣೆಯಿಂದ ಬಂದ ಇನ್ನೋವಾ ಮಾಣಿಕನಗರಕ್ಕೆ ಬಂತೆಂದರೆ ಮನೆಮಗಳು ತವರು ರಾಜ್ಯಕ್ಕೆ ಬಂದಂತೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ, ಯಾಕೆಂದರೆ ಬಯಲಲ್ಲಿ ಯಾರನ್ನು ಮಾತಾಡಿಸಿದರೂ ಮೊದಲ ಪ್ರಶ್ನೆ ‘ಏವರೇಜ್ ಎಷ್ಟ ಕೊಡ್ತದ್ರಿ?’, ಎರಡನೆಯದು ‘ಎಷ್ಟಕ್ಕ ಬಿತ್ತು?’. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯ ನಂತರ ಟ್ರೈಬರ್ 6 ಲಕ್ಷದೊಳಗೇ ಶುರು, ಎರ್ಟಿಗಾ 9 ಲಕ್ಷದ ಆಸುಪಾಸು, ಕ್ಯಾರೆನ್ಸ್ 11 ಲಕ್ಷದ ಸುತ್ತ, ಕ್ರಿಸ್ಟಾ 18 ಲಕ್ಷ ದಾಟಿ. ಇದು ಶೋರೂಮ್ ದರ, ರಸ್ತೆಗಿಳಿಯುವ ಹೊತ್ತಿಗೆ ಇನ್ನಷ್ಟು. ಇದನ್ನು ಏಳರಿಂದ ಭಾಗಿಸಿ ನೋಡಿ. ಟ್ರೈಬರಿನ ಒಂದು ಸೀಟಿಗೆ 80 ಸಾವಿರದ ಮೇಲೆ ಸ್ವಲ್ಪ, ಅಂದರೆ ಒಂದು ಸಾದಾ ಬೈಕಿನ ಬೆಲೆ! ಎರ್ಟಿಗಾಕ್ಕೆ ಸುಮಾರು 1.25 ಲಕ್ಷ. ಕ್ರಿಸ್ಟಾಕ್ಕೆ ಎರಡೂವರೆ ಲಕ್ಷದ ಮೇಲೆ.

ಟ್ರೈಬರ್ ಇಷ್ಟು ಅಗ್ಗ ಹೇಗಾಯಿತು ಎಂದು ಹುಡುಕಿದಾಗ ಸಿಕ್ಕಿದ್ದು ಒಂದು ಅಳತೆಪಟ್ಟಿ. ಅದರ ಉದ್ದ 3,990 ಮಿಲಿಮೀಟರ್. ನಾಲ್ಕು ಮೀಟರಿಗೆ ಬರೀ 10 ಮಿಲಿಮೀಟರ್ ಕಮ್ಮಿ, ಕಿರುಬೆರಳಿನ ಅಗಲ! ಪೆಟ್ರೋಲ್ ಗಾಡಿ ನಾಲ್ಕು ಮೀಟರಿನೊಳಗಿದ್ದು ಎಂಜಿನ್ 1,200 ಸಿಸಿ ಮೀರದಿದ್ದರೆ ಜಿಎಸ್‌ಟಿ ಶೇ 18. ಗೆರೆ ದಾಟಿದರೆ ಶೇ 40. ಎರ್ಟಿಗಾ, 4,540 ಮಿಲಿಮೀಟರಿನ ಕ್ಯಾರೆನ್ಸ್, 4,735ರ ಕ್ರಿಸ್ಟಾ ಎಲ್ಲವೂ ಗೆರೆಯ ಆಚೆ. ಒಂದು ಬೆರಳಿನ ಅಂತರದಲ್ಲಿ ಸರ್ಕಾರದ ಪಾಲು ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಆದರೆ ಆ ಬೆರಳಿನ ಬೆಲೆ ತೆರುವವರು ಹಿಂದೆ ಕೂತವರು. ಏಳೂ ಜನ ಕೂತರೆ ಟ್ರೈಬರಿನ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್ ಜಾಗ. ಎರಡು ಕೈಚೀಲ, ಮುಗಿಯಿತು. ಹಾಗಂತ ಬೈಯುವ ಮುಂಚೆ ಇನ್ನೊಂದು ಕೌತುಕ ನೋಡಿ: ಅದರ ಮೂರನೇ ಸಾಲಿನ ಎರಡೂ ಸೀಟುಗಳನ್ನು ಪೂರ್ತಿ ಕಿತ್ತು ಮನೆಯಲ್ಲಿಟ್ಟು ಬರಬಹುದು. ಆಗ ಅದೇ ಡಿಕ್ಕಿ 625 ಲೀಟರ್.

ಮೂರನೇ ಸಾಲು. ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ. ಜಾಹೀರಾತಿನಲ್ಲಿ ಕಾಣುವುದು ಮುಂದಿನ ಪರದೆ, ಮೇಲಿನ ಸನ್‌ರೂಫು. ಕಂಪನಿಯವರನ್ನು ಬಿಟ್ಟು, ಮಾಣಿಕನಗರದಲ್ಲಿ ಗಾಡಿ ನಿಂತಾಗ ಹಿಂದಿನ ಸಾಲಿನಿಂದ ಯಾರು ಇಳಿಯುತ್ತಾರೆ, ಹೇಗೆ ಇಳಿಯುತ್ತಾರೆ ಎಂಬುದನ್ನು ನೋಡಿ. ಎರ್ಟಿಗಾದಲ್ಲಿ ನಡುವಿನ ಸೀಟು ಮಡಚಿ ಮುಂದಕ್ಕೆ ಜಾರುತ್ತದೆ, ಹರೆಯದವರು ಸಲೀಸಾಗಿ ಇಳಿಯುತ್ತಾರೆ. ಕ್ಯಾರೆನ್ಸಿನ ಮೇಲ್ದರ್ಜೆಯ ಮಾದರಿಗಳಲ್ಲಿ ಒಂದು ಗುಂಡಿ ಒತ್ತಿದರೆ ನಡುವಿನ ಸೀಟು ತಾನೇ ಪಲ್ಟಿ ಹೊಡೆಯುತ್ತದೆ. ಸುತ್ತ ನಿಂತ ಹುಡುಗರು ‘ಮತ್ತೊಮ್ಮೆ ಮಾಡ್ರಿ ಕಾಕಾ’ ಎನ್ನುತ್ತಾರೆ. ಅಳತೆಪಟ್ಟಿ ಇಲ್ಲೂ ಬೆರಗು ಹುಟ್ಟಿಸುತ್ತದೆ. ಕ್ಯಾರೆನ್ಸ್ ಕ್ರಿಸ್ಟಾಕ್ಕಿಂತ 195 ಮಿಲಿಮೀಟರ್ ಗಿಡ್ಡ, ಆದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದ ಅಂತರ ಕ್ಯಾರೆನ್ಸಿನದೇ ಜಾಸ್ತಿ: 2,780ಕ್ಕೆ 2,750. ಗುಟ್ಟು ಬಾನೆಟ್ಟಿನೊಳಗಿದೆ. ಕ್ಯಾರೆನ್ಸಿನ ಎಂಜಿನ್ ಅಡ್ಡಲಾಗಿ ಮಲಗಿ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ, ಮೂಗು ಗಿಡ್ಡ. ಕ್ರಿಸ್ಟಾದ ಎಂಜಿನ್ ಉದ್ದುದ್ದ ಕೂತು, ಚಾಸಿಯ ಕೆಳಗೆ ದಂಡ ಹಾಯಿಸಿ, ಹಿಂದಿನ ಚಕ್ರ ತಿರುಗಿಸುತ್ತದೆ.

ಅಷ್ಟೆಲ್ಲ ಜಾಗ ತಿಂದರೂ ಟ್ಯಾಕ್ಸಿಯವರು ಕ್ರಿಸ್ಟಾ ಬಿಡುವುದಿಲ್ಲ. ಎಂಟು ಜನ ಹತ್ತಿ, ಮೇಲೆ ಲಗೇಜು ಕಟ್ಟಿದಾಗ ಭಾರ ಹಿಂದಿನ ಚಕ್ರದ ಮೇಲೆ ಕೂರುತ್ತದೆ. ನೂಕುವುದೂ ಅದೇ ಚಕ್ರ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ ಕೊಳ್ಳುವವರು ಸಾಲುಗಟ್ಟಿ ಬರುತ್ತಾರೆ. ಸೀಟಿಗೆ ಎರಡೂವರೆ ಲಕ್ಷ ಎಂದು ಮೂಗು ಮುರಿದೆವಲ್ಲ, ಮಾರುವಾಗ ಅದರಲ್ಲಿ ಎಷ್ಟು ವಾಪಸ್ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಕ್ರಿಸ್ಟಾ ಅಷ್ಟೇನೂ ದುಬಾರಿಯಲ್ಲ.

ಆದರೂ ಜನಪ್ರಿಯತೆಯಲ್ಲಿ ಎರ್ಟಿಗಾವನ್ನು ಅಲ್ಲಾಡಿಸುವವರಿಲ್ಲ. 2012ರ ಏಪ್ರಿಲ್‌ನಲ್ಲಿ ಬಂದ ಗಾಡಿ 2024-25ರ ಸಾಲಿನಲ್ಲಿ ಸುಮಾರು 1.9 ಲಕ್ಷ ಮಾರಾಟವಾಗಿದೆ. ಸಣ್ಣ ಕಾರುಗಳ ಜತೆ ಭುಜಕ್ಕೆ ಭುಜ! ಕಾರಣ ಸಿಎನ್‌ಜಿ. ಕೆ.ಜಿ.ಗೆ 26 ಕಿಲೋಮೀಟರ್ ಎಂದು ಕಂಪನಿ ಹೇಳುತ್ತದೆ. ಸಿಲಿಂಡರ್ ಕೂರುವುದು ಡಿಕ್ಕಿಯಲ್ಲೇ ಆದ್ದರಿಂದ ಲಗೇಜು ನೆತ್ತಿಯ ಮೇಲಿನ ಕ್ಯಾರಿಯರ್‌ಗೆ. ಇನ್ನೊಂದು ಮುಖವೂ ಉಂಟು. 2024ರಲ್ಲಿ ಎರಡು ಏರ್‌ಬ್ಯಾಗಿನ ಎರ್ಟಿಗಾವನ್ನು ಗ್ಲೋಬಲ್ ಎನ್‌ಕ್ಯಾಪ್ ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಒಂದೇ ನಕ್ಷತ್ರ. 2025ರ ಜುಲೈಯಿಂದ ಆರು ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಬಂದವು. ಕ್ಯಾರೆನ್ಸ್ 2022ರಲ್ಲಿ ಹುಟ್ಟಿದಾಗಲೇ ಆರನ್ನೂ ಹೊತ್ತು ಬಂದಿತ್ತು. ಹಳೇ ಎರ್ಟಿಗಾ ಕೊಳ್ಳುವವರು ಏವರೇಜ್ ಕೇಳುವಾಗ ಏರ್‌ಬ್ಯಾಗನ್ನೂ ಎಣಿಸಲಿ.

ಹೈಕ್ರಾಸ್ ಹೈಬ್ರಿಡ್ ಜನಜಂಗುಳಿಯ ನಡುವೆ ನುಸುಳುವುದನ್ನು ನೋಡಿದ್ದೀರಾ? ಸದ್ದೇ ಇಲ್ಲ! ನಿಧಾನಗತಿಯಲ್ಲಿ ಎಂಜಿನ್ ಮಲಗಿರುತ್ತದೆ, ಮೋಟಾರು ನೂಕುತ್ತದೆ. ಚಾರ್ಜಿಗೆ ಹಾಕುವ ಗೋಜಿಲ್ಲ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ವೇಗವೇ ಬ್ಯಾಟರಿಗೆ ವಿದ್ಯುತ್ತಾಗಿ ಸೇರುತ್ತದೆ, ಉಳಿದದ್ದನ್ನು ಎಂಜಿನ್ ತುಂಬುತ್ತದೆ. ಇಷ್ಟು ದೊಡ್ಡ ಪೆಟ್ರೋಲ್ ಗಾಡಿಗೆ ಕಂಪನಿ ಹೇಳುವ ಲೆಕ್ಕ ಲೀಟರಿಗೆ 23.24 ಕಿಲೋಮೀಟರ್. ಹಾರ್ನ್ ಮಾಡದೆ ಜನ ದಾರಿ ಬಿಡುವುದಿಲ್ಲ, ಅದೊಂದೇ ಕಷ್ಟ.

ಇಷ್ಟು ಗಾಡಿಗಳನ್ನು ತೂಗುವ ಯಾವ ಪಟ್ಟಿಯಲ್ಲೂ ಕಾಣದ ಒಂದು ಗಾಡಿ ಹುಮನಾಬಾದ್ ಬಸ್ ನಿಲ್ದಾಣದ ಹೊರಗೆ ಹೊಗೆ ಬಿಡುತ್ತ ನಿಂತಿರುತ್ತದೆ. ಫೋರ್ಸ್ ಕಂಪನಿಯ ಟ್ರ್ಯಾಕ್ಸ್ ಕ್ರೂಸರ್. ಸನ್‌ರೂಫಿಲ್ಲ, ಪರದೆಯಿಲ್ಲ, ಹಿಂದೆ ಎದುರುಬದುರು ಬೆಂಚು. ಕಾಗದದಲ್ಲಿ ಎಷ್ಟು ಸೀಟಿದ್ದರೂ ಸಂತೆಯ ದಿನ ಅದಕ್ಕೆ ಲೆಕ್ಕವೇ ಬೇರೆ.  ಆದರೆ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಅದರ ಎಂಜಿನ್. ಫೋರ್ಸ್‌ನ ಹಿಂದಿನ ಹೆಸರು ಬಜಾಜ್ ಟೆಂಪೋ, 2005ರವರೆಗೂ ಅದೇ. ಆ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್‌ನಿಂದ ಓಎಂ 616 ಎಂಬ ಡೀಸೆಲ್ ಎಂಜಿನ್ನಿನ ಲೈಸೆನ್ಸ್ ಪಡೆದು ಟ್ರ್ಯಾಕ್ಸ್ ಗಾಡಿಗಳಿಗೆ ಕೂರಿಸಿತು. ಇಂದಿನ ಕ್ರೂಸರಿನ 2,596 ಸಿಸಿ ಎಂಜಿನ್ ಅದೇ ಬೇರಿನ ಚಿಗುರು. ಓಎಂ 616 ಮೊದಲು ಓಡಿದ್ದು ಯಾವುದರಲ್ಲಿ? ಮರ್ಸಿಡಿಸ್ 240 ಡಿ ಕಾರಿನಲ್ಲಿ! ಜರ್ಮನಿಯ ಟ್ಯಾಕ್ಸಿಯವರು ಕೆಡದ ಗಾಡಿಯೆಂದು ನೆಚ್ಚಿಕೊಂಡಿದ್ದ ಕಾರದು. ಇಷ್ಟೇ ಅಲ್ಲ, ಮರ್ಸಿಡಿಸ್ ಮತ್ತು ಬಿಎಂಡಬ್ಲ್ಯು ಕಂಪನಿಗಳು ಭಾರತದಲ್ಲಿ ಜೋಡಿಸುವ ಐಷಾರಾಮಿ ಕಾರುಗಳಿಗೆ ಎಂಜಿನ್ ಸಿದ್ಧಪಡಿಸಿ ಕೊಡುವವರೂ ಇದೇ ಫೋರ್ಸ್‌ನವರು.

ಹೀಗೆ ಮರ್ಸಿಡಿಸ್ ರಕ್ತ ಹರಿಯುವ ಗಾಡಿಯಲ್ಲಿ ಜೋಳದ ಚೀಲ, ಎರಡು ಕೋಳಿ, ಹನ್ನೆರಡು ಜನ ಬೀದರಿಗೆ ಹೊರಟಿದ್ದಾರೆ. ಇದನ್ನೆಲ್ಲ ಡ್ರೈವರಿಗೆ ವಿವರಿಸಿ ಬಾನೆಟ್ ಎತ್ತಿ ತೋರಿಸು ಎಂದು ಕೇಳಿ ನೋಡಿ. ‘ಅದೆಲ್ಲ ಇರ್ಲಿ ಸರ್ರ, ಒಂದ ಸೀಟ್ ಖಾಲಿ ಅದ, ಹತ್ರಿ ಲಗೂನ’ ಎನ್ನುತ್ತಾನೆ.